ಚಕ್ಕೋತ ಸಿಪ್ಪೆಯ ಬ್ಯಾಟರಿ

ಶಿಯಾಮೆನ್‌ನ ಬಸ್ ನಿಲ್ದಾಣದಲ್ಲಿ ಬ್ಯಾಟರಿ ಪ್ರಯೋಗಾಲಯದ ಇಬ್ಬರು ಹೆಣ್ಣುಮಕ್ಕಳು ನನ್ನ ಪಕ್ಕ ಕೂತು ಚಕ್ಕೋತ ಸುಲಿಯುತ್ತಿದ್ದರು. ಕಿರಿಯಳು ಸಿಪ್ಪೆಯನ್ನೆಲ್ಲ ಚೀಲಕ್ಕೆ ತುಂಬುತ್ತಿದ್ದಳು.

"ಇದನ್ನೂ ಸುಟ್ಟು ಇದ್ದಿಲು ಮಾಡ್ತೀಯೇನೇ, ಯಿರೋಂಗ್?"

"ಮಾಡ್ತೀನಿ ಅಕ್ಕ. ಆದ್ರೆ ನಮ್ಮಜ್ಜಿ ಮರದ ಚಕ್ಕೋತದ ಸಿಪ್ಪೆ ಥರ ಇನ್ಯಾವ್ದೂ ಬ್ಯಾಟರೀಲಿ ಸೋಡಿಯಂ ಹಿಡಿದಿಡಲ್ಲ."

"ಆ ಸಿಪ್ಪೇಲಿ ಮಾಡಿದ ಸೆಲ್ ಇನ್ನೂ ಓಡ್ತಿದ್ಯಾ?"

"ಹತ್ತೇ ನಿಮಿಷಕ್ಕೆ ಚಾರ್ಜ್ ಆಗುತ್ತೆ. ಐದು ಸಾವಿರ ಸಲ ಆದ್ರೂ ದಣಿದಿಲ್ಲ."

"ಹೇಗೆ ಇಷ್ಟು ಬಾಳ್ತು ಅಂತ ಒಡೆದು ನೋಡ್ಬೇಕಲ್ಲ. ಮೇಷ್ಟ್ರು ಕೇಳ್ತಿದ್ದಾರೆ."

"ಒಡೆದ್ರೆ ಸತ್ತೋಗುತ್ತೆ. ರಸ್ತೆಗೆ ಅಂತ ಮರ ಕಡಿದ್ರಲ್ಲ, ಅಜ್ಜಿಗೆ ಈಗ ಆ ಸೆಲ್ಲೇ ಮರ; ಈಗ್ಲೂ ಫೋನ್ ಮಾಡಿ ನಮ್ಮ ಮರ ಹೇಗಿದೆ ಅಂತ ಕೇಳ್ತಾಳೆ."

ಹಿರಿಯಳು ಒಂದು ತೊಳೆ ಬಾಯಿಗಿಟ್ಟಳು.

"ಚಂದ್ರನ ಹಬ್ಬ ಕಳೀಲಿ. ಆಮೇಲೆ ಒಡೆಯೋಣ."

"ಹೋದ ವರ್ಷಾನೂ ನೀನು ಹಾಗೇ ಅಂದಿದ್ದೆ, ಅಕ್ಕ."

ಬಸ್ಸು ಬಂತು. ಸಿಪ್ಪೆಯ ಚೀಲವನ್ನು ಹಿರಿಯಳೇ ಎತ್ತಿಕೊಂಡಳು.