ನೂರೈವತ್ತಾರು ಕಿಲೋಮೀಟರ್, ನಲವತ್ತು ನಿಮಿಷ

ವಿಮಾನ ನಿಲ್ದಾಣದಲ್ಲಿ ಎಲ್ಲರೂ ‘ಪೀಪಾಯಿ’ ಎಂದು ಕರೆಯುವ ನಾನು, ವಯಸ್ಸು 68, ಇಪ್ಪತ್ತಾರು ವರ್ಷ ವಿಮಾನಕ್ಕೆ ಇಂಧನ ತುಂಬಿ ನಿವೃತ್ತ, ಓದು ನಾಲ್ಕನೇ ಕ್ಲಾಸು, ವಾಸ ರನ್‌ವೇ ಬೇಲಿಯ ಹಿಂದಿನ ಸಾಲುಮನೆ ನಂ. 4. ಠಾಣೆಗೆ ಕರೆಸಿ ಕೇಳಿದ್ದಕ್ಕೆ ತಿಳಿಸುವುದೇನೆಂದರೆ:

ನಿನ್ನೆ ಮಧ್ಯಾಹ್ನ 3.30ಕ್ಕೆ ನರ್ಸಮ್ಮ ಮನೆಗೆ ಬಂದು ನನ್ನ ಮಗಳನ್ನು (34) ನೋಡಿದರು. ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ, ಇವತ್ತೇ ದೊಡ್ಡ ದ್ವೀಪದ ಆಸ್ಪತ್ರೆಯಲ್ಲಿ ಆಪರೇಷನ್ ಆಗಬೇಕು ಎಂದು ಹೇಳಿ ಡ್ರಿಪ್ ಹಾಕಿದರು. ದೋಣಿಗೆ ಹನ್ನೊಂದು ತಾಸು. ಸಂಜೆಯ ವಿಮಾನದಲ್ಲಿ ಅಳಿಯ ಸೀಟು ಹೇಳಿ ಬಂದ. ಆ ಕಡೆಯ ರನ್‌ವೇಗೆ ದೀಪವಿಲ್ಲ. 6.05ರೊಳಗೆ ಇಳಿಯಲೇಬೇಕು.

4.10ಕ್ಕೆ ಕೌಂಟರಿನ ಹುಡುಗಿ ಫೋನ್ ಮಾಡಿದಳು. ಎತ್ತಿದ್ದು ನಾನು. ಎದುರುಗಾಳಿ ಜೋರಾಗಿದೆ, ಇವತ್ತು ಐವತ್ತೆರಡು ನಿಮಿಷ ಬೇಕು, ಪೈಲಟ್ 5.10ರವರೆಗೆ ಮಾತ್ರ ಕಾಯುತ್ತಾರೆ, ಬೇಗ ಬನ್ನಿ ಎಂದಳು. ‘ನೀನು ತೊಟ್ಟಿಲಲ್ಲಿದ್ದಾಗ ನಾನು ಪೈಪು ಹಿಡಿದಿದ್ದೆ ಕಣೇ, ನನಗೇ ಪಾಠ ಹೇಳ್ತೀಯಾ? ಆ ದ್ವೀಪಕ್ಕೆ ನೂರೈವತ್ತಾರು ಕಿಲೋಮೀಟರ್, ನಲವತ್ತು ನಿಮಿಷ. 5.25ಕ್ಕೆ ಬಿಟ್ರೂ ಮುಟ್ಟುತ್ತೆ’ ಎಂದು ಫೋನ್ ಇಟ್ಟೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅಂಗಳದ ತಂತಿಯ ಮೇಲೆ ಬಟ್ಟೆ ಪಟಪಟ ಬಡಿದುಕೊಳ್ಳುತ್ತಿತ್ತು.

4.40ಕ್ಕೆ ನನ್ನ ಹೆಂಡತಿ ಹೊರಡೋಣ ಎಂದಳು. ಕಾರಿನ ಕುಲುಕಾಟಕ್ಕೆ ಮಗಳು ನೋಯುತ್ತಾಳೆ, ಡ್ರಿಪ್ ಮುಗಿಯಲಿ, ಸುಮ್ಮನೆ ತಲೆ ತಿನ್ನಬೇಡ ಎಂದು ಗದರಿದೆ. 5.13ಕ್ಕೆ ಹೊರಟೆವು. ದೂರ 2.3 ಕಿ.ಮೀ. 5.22ಕ್ಕೆ ತಲುಪಿದೆವು. ವಿಮಾನ ಹೋಗಿತ್ತು. ಹುಡುಗಿ ಪೈಲಟ್‌ನ ಕೈಕಾಲು ಹಿಡಿದು ಎರಡು ನಿಮಿಷ ಹೆಚ್ಚಿಗೆ ನಿಲ್ಲಿಸಿ, 5.12ಕ್ಕೆ ಹೋಗಲು ಬಿಟ್ಟಿದ್ದಳಂತೆ.

ಕೌಂಟರಿನ ಗಾಜು ಒಡೆದವನು ನಾನು, ಅಳಿಯನಲ್ಲ. ಬರಿಗೈಯಲ್ಲಿ ಗುದ್ದಿದೆ. ಹುಡುಗಿ ನನ್ನ ಕೈಗೆ ತನ್ನ ದುಪಟ್ಟಾ ಸುತ್ತಿದಳು. ಫೋನಿನ ವಿಷಯ ಅವಳು ಬಾಯಿ ಬಿಡಲಿಲ್ಲ.

ಮಗಳು ಬೆಂಚಿನ ಮೇಲೆ ಅಮ್ಮನ ತೊಡೆಗೆ ತಲೆಯಿಟ್ಟು ಮಲಗಿದ್ದಳು. ‘ಅಪ್ಪಾ, ಇನ್ನೆಷ್ಟು ಹೊತ್ತು?’ ಎಂದು ಕೇಳಿದಳು. ಈಗ ಬರುತ್ತೆ ಮಗಾ ಎಂದೆ. ಮುಂದಿನ ವಿಮಾನ ಇದ್ದದ್ದು ಬೆಳಿಗ್ಗೆ 7.15ಕ್ಕೆ. ನಿನ್ನೆ ಸಂಜೆ 6.50ಕ್ಕೇ ಅದೇ ಬೆಂಚಿನ ಮೇಲೆ ಅವಳ ಉಸಿರು ನಿಂತಿತು.

ಹುಡುಗಿ ಮುಂಚೆ ತಿಳಿಸದೆ ವಿಮಾನ ಬಿಟ್ಟಳು ಎಂದು ಅಳಿಯ ದೂರು ಕೊಟ್ಟಿದ್ದಾನೆ. ಅದು ತಪ್ಪು. ಅವಳು ತಿಳಿಸಿದ್ದಳು. ಅಳಿಯನಿಗೆ, ಹೆಂಡತಿಗೆ ಇದು ಇನ್ನೂ ಗೊತ್ತಿಲ್ಲ. ಇಬ್ಬರೂ ಹೊರಗೆ ಕೂತಿದ್ದಾರೆ. ದೂರುದಾರನಿಗೆ ಈ ಹೇಳಿಕೆ ಓದಿ ಹೇಳಬೇಕಾಗುತ್ತದೆ ಎಂದಿರಿ. ಓದಿ. ನಾನು ಇಲ್ಲೇ ಇರುತ್ತೇನೆ.

ನಾನು ಹೇಳಿದ್ದನ್ನೇ ಬರೆದುಕೊಂಡಿದ್ದಾರೆ, ಓದಿಸಿ ಕೇಳಿದ್ದೇನೆ, ಎಲ್ಲವೂ ನಿಜ. ಬಲಗೈಗೆ ಹೊಲಿಗೆ ಹಾಕಿರುವುದರಿಂದ ಎಡಗೈ ಹೆಬ್ಬೆಟ್ಟು ಒತ್ತಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14ನೇ ತಾರೀಖು, ಬೆಳಿಗ್ಗೆ 11.20
(ಎಡ ಹೆಬ್ಬೆಟ್ಟಿನ ಗುರುತು)