ತೆಗಿಬಾರದ ಸಾಲು

…ಅಳಬ್ಯಾಡ ಅಂದೆ. ಅಳಾಕತ್ತಿಲ್ಲಾ? ಹಂಗಾರ ಇನ್ನೂ ಚೊಲೊ. ಕುಂದರು ಸುಮಂಗಲಾ. ಈ ಕಾಗದ ಓದು, ಕೆಳಗ ಸಹಿ ಮಾಡು, ಮನಿಗಿ ನಡಿ. ಮುಗೀತು.

ಏನ್ ಬರದೀನಾ? ಆದದ್ದ ಬರದೀನಿ! ದೇವಾಪುರದ ಮಿಲ್ಲಿನಾಗ ನಮ್ಮ ಕಂಪನಿ ಕಂಟ್ರೋಲರ್ ಪೆಟ್ಟಿಗಿ ಕೂಡ್ಸಿದ ಹತ್ತಿ ಪ್ರೆಸ್ಸು ಬಾಗಲಾ ತೆರದ್ರೂ ನಿಂದರಲಿಲ್ಲ. ಅಲ್ಲಿ ಕೂಲಿ ಮರಿಲಿಂಗಪ್ಪ ಸಿಕ್ಕೊಂಡ ಹತ್ತಿ ಎಳ್ಯಾಕ ಕೈ ಹಾಕ್ದ. ಹತ್ತು ವರ್ಷದಿಂದ ಹಂಗ ಹಾಕ್ತಿದ್ದ! ಬಾಗಲಾ ತೆರದ್ರ ಪ್ರೆಸ್ ನಿಂದರ್ತದ ಅಂತ ನಂಬಿದ್ದ ಪಾಪ. ಬಲಗೈ ಮಣಿಕಟ್ಟಿನ ತನಕ ಹೋತು. ಪ್ರೋಗ್ರಾಮ್ ತಿದ್ದಿದಾಕಿ ನೀ. ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಅಷ್ಟ.

ನಾನ ಹೇಳಿದ್ದೆ ಸಾಫ್ ಮಾಡು ಅಂತ, ಹೌದು. ಒಂಬತ್ನೂರು ಫೈಲು, ಇಪ್ಪತ್ತು ವರ್ಷದ ಸಿ ಕೋಡು. ಮೋಟರಿನ ಹೆಡರ್ ಫೈಲು ಬಾಗಲದ ಫೈಲ್ ಕರೀತದ, ಬಾಗಲದ್ದು ತಿರುಗಿ ಮೋಟರಿನ ಫೈಲ್ ಕರೀತದ. ‘ಸರ, ಇದು ನಮ್ಮ ಮಂದಿ ಬೀಗತನ ಇದ್ದಂಗ ಅದರಿ. ಮಗಳ್ನ ತಮ್ಮಗ ಕೊಟ್ಟು ಅಕ್ಕನೇ ಅತ್ತಿ ಆಗ್ಯಾಳ’ ಅಂದಿದ್ದಿ. ಎಷ್ಟ್ ನಕ್ಕಿದ್ದೆ ನಾ! ಮೂರು ತಿಂಗಳು ಕುಂತು ಇಂಥಾ ಒಂದೊಂದ ಸುತ್ತು ಬಿಚ್ಚಿದಿ. ಬಿಚ್ಚು, ಯಾರು ಬ್ಯಾಡ ಅಂದ್ರು? ಆದ್ರ ಬಾಗಲದ ಫೈಲ್ ಕರಿಯೋ ಆ ಒಂದು ಸಾಲಿಗಿ ಯಾಕ ಕೈ ಹಾಕ್ದಿ? ಅದು ಹೋದ್ರ ಬಾಗಲದ ತಡೆ, ಅಂದ್ರ ಬಾಗಲಾ ತೆರದ್ರ ಪ್ರೆಸ್ ನಿಂದರ್ಸೂದು, ಪ್ರೋಗ್ರಾಮಿನಾಗ ಸೇರೂದ ಇಲ್ಲ. ಎರರ್ ಸೈತ ಬರಲ್ಲ.

ಶಹಾಪುರ ತಾಲ್ಲೂಕಿಗೇ ಫಸ್ಟ್ ಬಂದಾಕಿ ಅಂತ! ನಿಮ್ಮವ್ವ ಹತ್ತಿ ಬಿಡಸಾಕ ಹೋಗ್ತಾಳಲ್ಲಾ, ನಾಳಿಂದ ನೀನೂ ಹೋಗು. ಅಲ್ಲಿ ಹೆಡರ್ ಇರಂಗಿಲ್ಲ.

ಯಾಕ ಹಂಗ ನೋಡ್ತಿ? ಈ ಪ್ರವೀಣಕುಮಾರ ಸುಳ್ಳು ಹೇಳಾಕತ್ತಾನಾ? ಕಂಪ್ಯೂಟರಿನ ದಾಖಲಿ ನೋಡು. ಗುರುವಾರ, ಪೌಣೆ ಐದು. ನಿನ್ನ ಹೆಸರು, ನಿನ್ನ ಲಾಗಿನ್. ಸಾಲು ತೆಗದದ್ದು ನೀನ.

…ಏನು? ಬಾಯಿ ಬಿಟ್ಟು ಹೇಳು. ಗೋಡಿ ಕಡಿ ಏನದ? ಕ್ಯಾಲೆಂಡರಾ? ಗುರುವಾರ… ಹಾಂ, ರಜಾ ಹಾಕಿದ್ದಿ. ನಿಮ್ಮವ್ವನ ಕರ್ಕೊಂಡು ಕೊಡೇಕಲ್ಲಿಗಿ ಹೋಗಿದ್ದಿ. ಅದಕ್ಕೇನಾತು? ಅಲ್ಲಿಂದ ಮಾಡಿರಬೇಕು. ನಿನ್ನ ಲ್ಯಾಪ್‌ಟಾಪು… ಲ್ಯಾಪ್‌ಟಾಪು ಇಲ್ಲೇ ಮೇಜಿನ ಮ್ಯಾಲ ಇತ್ತು, ಹೌದು. ತೆರದ ಇತ್ತು. ಅದೂ ನಿಂದ ತಪ್ಪು! ಲಾಕ್ ಮಾಡ್ದ ಯಾಕ ಹೋದಿ?

ಮಾತಾಡು! ಹಿಂಗ ಸುಮ್ಕ ಕುಂತು ನನ್ನ ತಲಿ ತಿನಬ್ಯಾಡ. ಬೈ, ಬೇಕಾರ ಚೀರು… ಏನರ ಅನ್ನು…

ಶುಕ್ರವಾರ ಹೈದ್ರಾಬಾದಿನಿಂದ ಮಾಲಕರು ಬರಾವ್ರಿದ್ರು, ತಿಳೀತಾ? ನಲವತ್ತೊಂದು ಸುತ್ತು ಇದ್ವು, ಈಗ ಒಂದೂ ಇಲ್ಲ ಅಂತ ತೋರಿಸಿದ್ರ ಹೈದ್ರಾಬಾದ್ ಆಫೀಸು ನನಗ ಸಿಗ್ತಿತ್ತು. ಎಲ್ಲಾ ಹೋಗಿ ಒಂದು ಉಳದಿತ್ತು. ಒಂದ! ಬಾಜೂಕ ನೀ ಬರದಿದ್ದಿ, ‘ಇದನ್ನ ತೆಗಿಬ್ಯಾಡ್ರಿ, ಬಾಗಲದ ತಡೆ ಇದರಿಂದಾನೇ ಬರ್ತದ’ ಅಂತ. ಓದಿದೆ. ಓದೇ ತೆಗದೆ. ಆಮ್ಯಾಲ ತಿರುಗಿ ಹಾಕಿದ್ರಾತು ಅನ್ಕೊಂಡಿದ್ದೆ… ಮಾಲಕರು ಬೆನ್ನು ಚಪ್ಪರಿಸಿದ್ರು. ಮರತೆ. ಅದ ಪ್ರೋಗ್ರಾಮ್ ದೇವಾಪುರಕ್ಕ ಹೋತು.

ಹೂಂ. ಈಗ ಗೊತ್ತಾತಲ್ಲಾ? ಯಾರಿಗಿ ಹೇಳ್ತಿ? ಯಾರ್ ನಂಬ್ತಾರ? ದಾಖಲಿದಾಗ ನಿನ್ನ ಹೆಸರದ.

ತಗೋ ಪೆನ್ನು. ಸಹಿ ಮಾಡು ತಂಗಿ… ನಿನ್ನ ಬಲಗೈ ನೆಟ್ಟಗ ಅದಲ್ಲಾ.