ಐದನೆಯ ನಿಲುವಂಗಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಇಂದು ನಿವೃತ್ತರಾಗುತ್ತಿರುವ, ನಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಅಕ್ಕನವರೇ, ಸಭಿಕರೇ,

ನಾನು ಹೇಳಲಿರುವ ಕಥೆಯನ್ನು ಮೊದಲು ಹೇಳಿದವರು ಈ ಅಕ್ಕನೇ. ಕೊರೋನಾದ ವರ್ಷ, ಎಳೆಗೂಸುಗಳ ವಾರ್ಡಿನಲ್ಲಿ, ಒಂದು ಸಂಜೆ ಚಹಾದ ಹೊತ್ತಿಗೆ. ಕೇಳಿದವರು ನಾಲ್ವರು ದಾದಿಯರು ಮತ್ತು ವೈದ್ಯನಾದ ನಾನು.

ಆಗ ಮೂರನೆಯ ತೊಟ್ಟಿಲಲ್ಲಿ ಸೋಂಕು ತಗುಲಿದ ಹೆಣ್ಣುಮಗು. ತಾಯಿಗೂ ಸೋಂಕು. ಅಷ್ಟು ಎಳೆಯ ಜೀವಕ್ಕೆ ಔಷಧಿ ಏನಿತ್ತು ಹೇಳಿ? ಬೆಚ್ಚಗಿಡಬೇಕು, ಉಸಿರು ನೋಡುತ್ತಿರಬೇಕು, ಹೊಟ್ಟೆಗೆ ಹಾಲು ಇಳಿಯಬೇಕು. ಅದೇ ಇಳಿಯುತ್ತಿರಲಿಲ್ಲ. ಚಮಚದಲ್ಲಿ ಕೊಟ್ಟದ್ದೆಲ್ಲ ಉಗುಳುತ್ತಿತ್ತು.

ಮೂರನೆಯ ದಿನ ತಾಯಿ ಗೋಡೆ ಹಿಡಿದು ಗಾಜಿನ ಬಾಗಿಲವರೆಗೆ ಬಂದಳು. "ಮಾಸ್ಕ್ ಹಾಕ್ಕೊಂಡಿದೀನಿ, ಕೈ ತೊಳ್ಕೊಂಡಿದೀನಿ ಡಾಕ್ಟ್ರೇ. ಒಂದೇ ಸಲ ಹಾಲು ಕುಡಿಸ್ತೀನಿ." ಸೋಂಕಿರುವ ತಾಯಂದಿರನ್ನು ಮಕ್ಕಳಿಂದ ಬೇರೆಯಾಗಿಡಿ ಎಂಬ ಆದೇಶಕ್ಕೆ ಸಹಿ ಹಾಕಿದವನು ನಾನು. "ಆಗಲ್ಲಮ್ಮ" ಎಂದೆ. ಕರುವನ್ನು ದೂರ ಕಟ್ಟಿದರೆ ನನ್ನಜ್ಜಿ ಮೂರು ಮನೆಗೆ ಕೇಳುವಂತೆ ಬೈಯುತ್ತಿದ್ದಳು. ಓದಿದ ಮೇಲೆ ಅದನ್ನೆಲ್ಲ ಮರೆತಿದ್ದೆ.

ಮರುದಿನ ಆ ತಾಯಿ ತೀರಿಕೊಂಡಳು.

ಐದನೆಯ ದಿನ ಮಗುವಿನ ತೂಕ ಇಪ್ಪತ್ತು ಗ್ರಾಂ ಏರಿತು. ಆರನೆಯ ದಿನ ಇನ್ನೂ ಮೂವತ್ತು. ನಾನು ದಾದಿಯರನ್ನು ಹೊಗಳಿದೆ. ನಾವು ಕೊಟ್ಟದ್ದನ್ನು ಈಗಲೂ ಉಗುಳುತ್ತಿದೆ ಎಂದರು ನಾಲ್ವರೂ.

ಏಳನೆಯ ಸಂಜೆ ಅಕ್ಕ ಬಂದರು. "ಬೆಳಿಗ್ಗೆ ಈ ನಾಲ್ವರು ದಾದಿಯರಿಗೆ ನಾಲ್ಕು ನಿಲುವಂಗಿ ಕೊಡ್ತೀನಿ. ಮೂರು ದಿನದಿಂದ ಒಗೆಯೋಕೆ ಐದು ಬರ್ತಿವೆ."

"ಎಣಿಕೆ ತಪ್ಪಿರ್ಬೇಕು ಬಿಡಕ್ಕ."

"ನಿಮ್ಗೆ ತಪ್ಪಬಹುದು ಡಾಕ್ಟ್ರೇ, ಜೇಬಲ್ಲಿ ಪೆನ್ನು ಬಿಟ್ಟು ನನ್ನ ಬಟ್ಟೆನೆಲ್ಲ ನೀಲಿ ಮಾಡೋರು ನೀವು. ನಾಲ್ಕರ ಮೇಲೆ ಇವರ ಹೆಸರು ಬರ್ದಿದೆ. ಐದನೇದಕ್ಕೆ ಹೆಸರಿಲ್ಲ. ಎದೆ ಹತ್ರ, ಒಳಗಡೆ, ಹಾಲಿನ ಕಲೆ."

ಆ ನಾಲ್ವರಲ್ಲಿ ಎದೆಹಾಲು ಕುಡಿಸುವವರು ಯಾರೂ ಇರಲಿಲ್ಲ, ಸಭಿಕರೇ. ಲೋಟದಲ್ಲಿದ್ದ ಚಹಾ ಆರಿಹೋಯಿತು. ಒಳಗೆ ಮಗು, ಹೊಟ್ಟೆ ತುಂಬಿದ ಮಕ್ಕಳಂತೆ, ಒಮ್ಮೆ ತೇಗಿತು.

ಆ ಮಗು ಈಗ ಶಾಲೆಗೆ ಹೋಗುವ ಹುಡುಗಿ. ಮುಂದಿನ ಸಾಲಿನಲ್ಲಿ ಅಪ್ಪನ ತೊಡೆಯ ಮೇಲೆ ನಿದ್ದೆ ಹೋಗಿದ್ದಾಳೆ. ನನ್ನ ಭಾಷಣದ ಗುಣವೇ ಅದು. ಅವಳ ಅಪ್ಪನಿಗೆ ಗಾಜಿನ ಬಾಗಿಲಿನ ವಿಷಯ ಇಂದಿನವರೆಗೆ ನಾನು ಹೇಳಿರಲಿಲ್ಲ. ಕ್ಷಮಿಸಿ, ಸ್ವಾಮಿ.

ಅಕ್ಕ, ನಿಮಗೆ ನಮ್ಮೆಲ್ಲರ ಧನ್ಯವಾದ. ಅಂದು ನಿಮ್ಮ ಮಾತು ಕೇಳಿದ ನಾವು ಮರುದಿನ ಬೆಳಿಗ್ಗೆ ಏನು ಮಾಡಿದೆವೆಂದು ಹೇಳಿ ಮುಗಿಸುತ್ತೇನೆ. ನಾನು ಆ ಆದೇಶವನ್ನು ಹರಿದು, ಗಾಜಿನಾಚೆ ಕಾಯುತ್ತಿದ್ದ ಇನ್ನೊಬ್ಬ ತಾಯಿಗೆ, "ಕೈ ತೊಳ್ದು ಒಳಗೆ ಬಾರಮ್ಮ" ಎಂದೆ. ದಾದಿಯರು ಹೆಸರಿಲ್ಲದ ನಿಲುವಂಗಿಯನ್ನು ಮೂರನೆಯ ತೊಟ್ಟಿಲ ಬಳಿಯ ಮೊಳೆಗೆ ತೂಗುಹಾಕಿದರು. ಅದರ ಕೆಳಗೆ, ಯಾರೂ ಯಾರಿಗೂ ಹೇಳದೆ, ಒಂದು ಕುರ್ಚಿ ತಂದಿಟ್ಟರು.

ನಮಸ್ಕಾರ.